ಬಾನೆಟ್ ಹೇಳಿದ್ದೊಂದು, ಆಕ್ಸಲ್ ಹೇಳಿದ್ದೊಂದು

ಸಂಪಿಗೆ ರಸ್ತೆಯ ಹೆಸರನ್ನು ನಂಬಿಕೊಂಡು ಸಂಪಿಗೆ ಮರ ಹುಡುಕುತ್ತ ಹೊರಟವರು ಸ್ವಲ್ಪ ಹೆಚ್ಚೇ ನಡೆಯಬೇಕಾಗುತ್ತದೆ. ಪಕ್ಕದ ಮಾರ್ಗೋಸಾ ರಸ್ತೆಯ ಕತೆಯೂ ಅಷ್ಟೆ. ಮಾರ್ಗೋಸಾ ಎಂದರೆ ಬೇವು ಎಂಬುದೇ ಅಲ್ಲಿ ದಿನವೂ ಓಡಾಡುವ ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. 1898ರ ಪ್ಲೇಗಿನ ಹಾವಳಿಯ ನಂತರ ಬೆಳೆದ ಮಲ್ಲೇಶ್ವರದಲ್ಲಿ ಹೆಸರುಗಳು ಉಳಿದಿವೆ. ಹೆಸರಿಗೆ ಕಾರಣವಾದವು ಒಂದೊಂದಾಗಿ ಜಾಗ ಖಾಲಿ ಮಾಡುತ್ತಿವೆ. ಆದರೆ ಸಂಪಿಗೆ ರಸ್ತೆಗೆ ಬಂದು ಸೇರುವ ಒಂದು ಅಡ್ಡರಸ್ತೆಯ ಹಳೆಯ ಮನೆಯಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ವಸ್ತು ಅಲುಗದೆ ನಿಂತಿತ್ತು. ಹೆಸರು ಮಾತ್ರ ಅದರದಾಗಿರಲಿಲ್ಲ.

ವಸ್ತು ಎಂದರೆ ಒಂದು ಷೆವರ್ಲೆ ಪಿಕಪ್. 1950ರ ಮಾದರಿ. ಮನೆಯ ಪಕ್ಕದ ತಗಡಿನ ಷೆಡ್ಡಿನಲ್ಲಿ ಅದು ಇಪ್ಪತ್ತು ವರ್ಷಗಳಿಂದ ನಿಂತಲ್ಲೇ ನಿಂತಿತ್ತು. ಮನೆಯವರದು ಒಂದು ಕಾಲಕ್ಕೆ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ವ್ಯಾಪಾರ. ಮಲ್ಲೇಶ್ವರ, ರಾಜಾಜಿನಗರ, ಯಶವಂತಪುರದ ಕಡೆ ಮದುವೆಯೋ ಮುಂಜಿಯೋ ಆದರೆ ಕೊಪ್ಪರಿಗೆ, ಕೊಳಗ, ಹಂಡೆ, ಕಬ್ಬಿಣದ ಕುರ್ಚಿ, ಜಮಖಾನ ಎಲ್ಲವೂ ಈ ಪಿಕಪ್ಪಿನ ಬೆನ್ನೇರಿ ಹೋಗುತ್ತಿದ್ದವು. ಕಲ್ಯಾಣ ಮಂಟಪಗಳೇ ಪಾತ್ರೆ ಇಟ್ಟುಕೊಳ್ಳತೊಡಗಿದ ಮೇಲೆ ವ್ಯಾಪಾರ ಇಳಿಯಿತು. ಮಗ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾದ. ಪಿಕಪ್ ಮೇಲೆ ಹಳೆಯ ಶಾಮಿಯಾನದ ಬಟ್ಟೆ ಹೊದಿಸಿ ಬಾಗಿಲೆಳೆದರು.

ಬಟ್ಟೆಯ ಹೊರಗೆ ಕಾಣುತ್ತಿದ್ದದ್ದು ಮೂಗು ಮಾತ್ರ. ದುಂಡನೆಯ ದೀಪಗಳು, ಅಡ್ಡಪಟ್ಟಿಗಳ ಜಾಲರಿ, ಬಾನೆಟ್ಟಿನ ಪಕ್ಕದಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ಲೋಹದ ಅಂಕಿಗಳು: 3100. ಮನೆಯಲ್ಲಿ ಆ ಗಾಡಿಗೆ ಅದೇ ಹೆಸರು. ‘ಮೂರು ಸಾವಿರದ ನೂರು’ ಎಂದರೆ ಅಜ್ಜಿಗೂ ಗೊತ್ತು, ಹಾಲು ಹಾಕುವವನಿಗೂ ಗೊತ್ತು.

ಆ ಮನೆಯ ಮೊಮ್ಮಗಳು ಆ ವರ್ಷ ಎರಡನೆಯ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಳು. ರ್‍ಯಾಂಕ್ ಬಂದಿತ್ತು, ಆದರೆ ಅವಳು ಬಯಸಿದ ಮೆಕ್ಯಾನಿಕಲ್ ಸೀಟು ಕಡಿಮೆ ಶುಲ್ಕದಲ್ಲಿ ಸಿಗುವಷ್ಟು ಒಳ್ಳೆಯ ರ್‍ಯಾಂಕ್ ಅಲ್ಲ. ಹೆಚ್ಚಿನ ಶುಲ್ಕ ಕಟ್ಟಬೇಕು. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಲೆಕ್ಕದ ಪುಸ್ತಕ ತೆರೆಯುವುದು, ಮುಚ್ಚುವುದು ನಡೆದಿತ್ತು. ಅಂಥ ಹೊತ್ತಿನಲ್ಲಿ ಹಳೆಯ ವಾಹನಗಳನ್ನು ಕೂಡಿಡುವ ಹವ್ಯಾಸಿಯೊಬ್ಬರಿಂದ ಫೋನ್ ಬಂತು. ಅವರು ಹೊರರಾಜ್ಯದವರು. ಯಾರೋ ಕಳಿಸಿದ್ದ ಮೂಗಿನ ಫೋಟೋ ನೋಡಿ, ‘3100 ಅಲ್ಲವೇ? ಬಹಳ ದಿನಗಳಿಂದ ಹುಡುಕುತ್ತಿದ್ದೆ’ ಎಂದರು. ಎಂಟು ಲಕ್ಷ ಎಂದರು. ಎರಡು ವಾರ ಬಿಟ್ಟು ಭಾನುವಾರ ಬರುವುದಾಗಿ ಹೇಳಿದರು. ಆ ರಾತ್ರಿ ಲೆಕ್ಕದ ಪುಸ್ತಕ ಬೇಗ ಮುಚ್ಚಿತು.

ಹುಡುಗಿಗೆ ಗಾಡಿಗಳ ಅಂಕಿ ಓದುವ ಹುಚ್ಚು ಚಿಕ್ಕಂದಿನಿಂದಲೂ ಇತ್ತು. ತಾತನ ಕೈ ಹಿಡಿದು ಎಂಟನೆಯ ಕ್ರಾಸಿನ ಅಂಗಡಿ ಸಾಲಿಗೆ ಹೋಗುವಾಗ ಸರಕು ಇಳಿಸುವ ಲಾರಿಗಳ ಮೇಲಿನ ಅಂಕಿಯನ್ನು ಅವಳು ಲೆಕ್ಕದಂತೆ ಬಿಡಿಸುತ್ತಿದ್ದಳು. ಇದು ಯಾವ ವಿದ್ಯಾರ್ಥಿಯೂ ರಸ್ತೆಯಲ್ಲಿ ನಿಂತು ಆಡಬಹುದಾದ ಆಟ. 1954ರಲ್ಲಿ ಟಾಟಾದವರು ಜರ್ಮನಿಯ ಮರ್ಸಿಡಿಸ್ ಬೆಂಜ್ ಕಂಪನಿಯ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಕೆ ಆರಂಭಿಸಿದರು. ಆ ಒಪ್ಪಂದ 1969ರಲ್ಲಿ ಮುಗಿಯಿತು, ಆದರೆ ಅಂಕಿ ಬರೆಯುವ ಜರ್ಮನ್ ಪದ್ಧತಿ ಉಳಿದುಕೊಂಡಿತು. 1210 ಎಂದರೆ ಮೊದಲ ಭಾಗ ಹನ್ನೆರಡು, ಅಂದರೆ ಸರಕೂ ಸೇರಿ ಲಾರಿಯ ಒಟ್ಟು ತೂಕ ಸುಮಾರು ಹನ್ನೆರಡು ಟನ್. ಎರಡನೆಯ ಭಾಗ ಹತ್ತು. ಅದನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಶಕ್ತಿ, ಸುಮಾರು ನೂರು ಅಶ್ವಶಕ್ತಿ. 1613 ಎಂದರೆ ಹದಿನಾರು ಟನ್, ನೂರಮೂವತ್ತು ಅಶ್ವಶಕ್ತಿ. 1986ರಲ್ಲಿ ಬಂದ 407 ಎಂದರೆ ನಾಲ್ಕು ಟನ್, ಎಪ್ಪತ್ತು ಅಶ್ವಶಕ್ತಿ. ಲೆಕ್ಕ ಸ್ಥೂಲವಾದದ್ದೇ, ಆದರೆ ಅಂಕಿಗೆ ಅರ್ಥವಿದೆ.

ಇದೇ ಸೂತ್ರವನ್ನು ಅವಳು ಒಮ್ಮೆ ಮನೆಯ ಪಿಕಪ್ಪಿಗೂ ಹಚ್ಚಿದ್ದಳು. ‘ತಾತ, ನಮ್ಮ ಗಾಡಿ ಮೂವತ್ತೊಂದು ಟನ್, ಸೊನ್ನೆ ಅಶ್ವಶಕ್ತಿ!’

‘ಎರಡನೆಯದು ಸರಿಯಾಗಿದೆ ಕಣಮ್ಮ’ ಎಂದಿದ್ದರು ತಾತ. ‘ಸ್ಟಾರ್ಟ್ ಆಗಿ ಎಷ್ಟು ವರ್ಷ ಆಯ್ತು!’

ಷೆವರ್ಲೆಯ ಲೆಕ್ಕ ಬೇರೆ. ಅಲ್ಲಿ ಅಂಕಿಯನ್ನು ಒಡೆಯುವಂತಿಲ್ಲ; ಅದು ವರ್ಗದ ಹೆಸರು. ಆ ವರ್ಷಗಳ ಪಿಕಪ್ಪುಗಳಲ್ಲಿ 3100 ಎಂದರೆ ಅರ್ಧ ಟನ್ನಿನ ಗಾಡಿ, 3600 ಎಂದರೆ ಮುಕ್ಕಾಲು ಟನ್ನಿನದು, 3800 ಎಂದರೆ ಒಂದು ಟನ್ನಿನದು. ಮೂರಕ್ಕೂ ಡ್ರೈವರ್ ಕೂರುವ ಕ್ಯಾಬಿನ್ ಒಂದೇ, ಬಾನೆಟ್ ಒಂದೇ, ಆರು ಸಿಲಿಂಡರಿನ 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ ಎಂಜಿನ್ನೂ ಒಂದೇ. ಎದುರಿನಿಂದ ನೋಡಿದರೆ ಅಣ್ಣತಮ್ಮಂದಿರು. ವ್ಯತ್ಯಾಸವೆಲ್ಲ ಇರುವುದು ಬೆನ್ನಿನ ಕೆಳಗೆ: ಹಿಂದಿನ ಆಕ್ಸಲ್‌ನಲ್ಲಿ, ಚಾಸಿಯ ಉದ್ದದಲ್ಲಿ, ಚಕ್ರಗಳಲ್ಲಿ. ಗಾಡಿಯ ಕ್ರಮಸಂಖ್ಯೆಯ ಫಲಕ ಬಾಗಿಲ ಬಳಿ ಇದ್ದರೆ ಗೊಂದಲವೇ ಇಲ್ಲ. ಈ ಪಿಕಪ್ಪಿನಲ್ಲಿ ಅದಿರಬೇಕಾದ ಕಡೆ ಎರಡು ರಿವೆಟ್ ತೂತುಗಳಿದ್ದವು, ಫಲಕವಿರಲಿಲ್ಲ. ಹಿಂದಿನ ಮರದ ಪೆಟ್ಟಿಗೆಯಂತೂ ಬೆಂಗಳೂರಿನಲ್ಲೇ ಬಡಗಿಯ ಕೈಯಲ್ಲಿ ಹುಟ್ಟಿದ್ದು. ಅದರ ಸಾಕ್ಷ್ಯ ನಡೆಯುವುದಿಲ್ಲ.

ಇಂಥ ಗಾಡಿಗಳು ಆಗ ಬೆಂಗಳೂರಿಗೆ ಬರುತ್ತಿದ್ದದ್ದು ಮುಂಬೈಯಿಂದ. ಜನರಲ್ ಮೋಟಾರ್ಸ್ ಕಂಪನಿ ಅಲ್ಲಿನ ಸೇವ್ರಿಯಲ್ಲಿ 1928ರಿಂದ ಬಿಡಿಭಾಗಗಳನ್ನು ತರಿಸಿ ಜೋಡಿಸುತ್ತಿತ್ತು. ದೇಶದಲ್ಲೇ ಭಾಗಗಳನ್ನು ತಯಾರಿಸುವವರಿಗೆ ಮಾತ್ರ ಮುಂದೆ ಅವಕಾಶ ಎಂಬ ನೀತಿ 1953ರ ಸುಂಕ ಆಯೋಗದ ವರದಿಯೊಂದಿಗೆ ಗಟ್ಟಿಯಾದಾಗ ಅದು ಅಂಗಡಿ ಮುಚ್ಚಿತು. ಮೋಟಾರು ಕಾರ್ಖಾನೆಯೊಂದು ಬೆಂಗಳೂರಿಗೇ ಬರಬಹುದಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಮೋಟಾರು ತಯಾರಿಸುವ ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹಿರಾಚಂದ್ ಅದಕ್ಕೆ ಕೈಜೋಡಿಸಿದರು, ಮೈಸೂರು ಸಂಸ್ಥಾನವೂ ಒಲವು ತೋರಿತು. ಬ್ರಿಟಿಷ್ ಸರ್ಕಾರದ ಬೆಂಬಲ ಮಾತ್ರ ಸಿಗಲಿಲ್ಲ. 1940ರಲ್ಲಿ ವಾಲ್‌ಚಂದರ ವಿಮಾನ ಕಾರ್ಖಾನೆ ಬೆಂಗಳೂರಿಗೆ ಬಂತು. ಮೋಟಾರಿನದು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಆ ಕಂಪನಿಯ ಲಾರಿಗಳು ಡಾಡ್ಜ್, ಡಿಸೋಟೊ, ಫಾರ್ಗೊ ಎಂಬ ಮೂರು ಹೆಸರುಗಳಲ್ಲಿ ಮಾರಾಟವಾಗುತ್ತಿದ್ದವು. ಲಾರಿ ಒಂದೇ, ನಾಮಫಲಕ ಮೂರು. ಹೆಸರಿನ ಫಲಕ ನೋಡಿ ಗಾಡಿಯನ್ನು ಗುರುತಿಸುವವರು ಎಚ್ಚರವಾಗಿರಬೇಕಾದದ್ದು ಇದಕ್ಕೇ.

ಕೊಳ್ಳುವವರು ಬರುವ ಮುನ್ನ ಎಂಜಿನ್ ಒಮ್ಮೆಯಾದರೂ ಉಸಿರಾಡಲಿ ಎಂದು ತಾತ ತಮ್ಮ ಹಳೆಯ ಮೇಸ್ತ್ರಿಯನ್ನು ಕರೆಸಿದರು. ಎಪ್ಪತ್ತು ದಾಟಿದ ಮನುಷ್ಯ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ನಡುವೆ ಹುಡುಗನಾಗಿದ್ದಾಗ ಕೆಲಸ ಕಲಿತವರು. ಶಾಮಿಯಾನದ ಬಟ್ಟೆ ಎಳೆದು ಹಾಕಿ, ಗಾಡಿಯ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. ಎಂಜಿನ್ ನೋಡಲು ಬಂದವರು ಚಕ್ರವನ್ನೇ ಬಹಳ ಹೊತ್ತು ನೋಡಿದರು.

‘ಯಜಮಾನರೇ, ಇದನ್ನ ಮೂರು ಸಾವಿರದ ನೂರು ಅಂತ ಯಾರು ಹೇಳಿದ್ದು?’

ತಾತ ಉತ್ತರ ಕೊಡಲಿಲ್ಲ. ಹುಡುಗಿ ಬಾನೆಟ್ ಕಡೆ ಕೈ ತೋರಿಸಿದಳು.

‘ಅದು ತಗಡಮ್ಮ. ಎರಡು ನಟ್ಟು ಬಿಚ್ಚಿದರೆ ಕೈಗೆ ಬರುತ್ತೆ. ಇಲ್ಲಿ ನೋಡು’ ಎಂದು ಮೇಸ್ತ್ರಿ ಚಕ್ರದ ನಟ್ಟುಗಳನ್ನು ಬೆರಳಿನಿಂದ ಮುಟ್ಟುತ್ತ ಎಣಿಸಿದರು. ಎಂಟು. ‘ಅರ್ಧ ಟನ್ನಿಂದಕ್ಕೆ ಆರೇ ನಟ್ಟು.’ ಆಮೇಲೆ ಚಕ್ರದ ಮಧ್ಯದಲ್ಲಿ ಲೋಟ ಬೋರಲು ಹಾಕಿದಂತೆ ಹೊರಕ್ಕೆ ಚಾಚಿಕೊಂಡಿದ್ದ ಹಬ್ಬನ್ನು ತಟ್ಟಿದರು. ‘ಇದು ಅರ್ಧ ಟನ್ನಿನ ಗಾಡಿಗೆ ಇರೋದೇ ಇಲ್ಲ. ಇದು ಫುಲ್ ಫ್ಲೋಟಿಂಗ್.’

ಈ ಫುಲ್ ಫ್ಲೋಟಿಂಗ್ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದಿನ ಚಕ್ರಕ್ಕೆ ಎರಡು ಕೆಲಸ ಆಗಬೇಕು. ಒಂದು, ಗಾಡಿಯ ಭಾರವನ್ನು ಯಾರಾದರೂ ಹೊರಬೇಕು. ಎರಡು, ಎಂಜಿನ್ನಿನಿಂದ ಬಂದ ತಿರುಗಣೆಯನ್ನು ಚಕ್ರಕ್ಕೆ ಯಾರಾದರೂ ಮುಟ್ಟಿಸಬೇಕು. ಅರ್ಧ ಟನ್ನಿನ ಗಾಡಿಯಲ್ಲಿ ಈ ಎರಡನ್ನೂ ಆಕ್ಸಲ್ ಶಾಫ್ಟ್ ಎಂಬ ಒಂದೇ ಉಕ್ಕಿನ ದಂಡ ಮಾಡುತ್ತದೆ. ಅದರ ತುದಿಗೇ ಚಕ್ರ. ಅದೇ ತಿರುಗಿಸಬೇಕು, ಅದೇ ಹೊರಬೇಕು. ಇದು ಸೆಮಿ ಫ್ಲೋಟಿಂಗ್. ದಂಡ ಮುರಿದರೆ ಚಕ್ರವೂ ಕಳಚಿಕೊಳ್ಳುವ ಭಯ. ಮುಕ್ಕಾಲು ಟನ್ನಿನ ಗಾಡಿಯಲ್ಲಿ ಕೆಲಸ ಹಂಚಿಕೆಯಾಗಿದೆ. ದಂಡದ ಸುತ್ತ ಇರುವ ದಪ್ಪ ಕೊಳವೆ, ಮೇಸ್ತ್ರಿಗಳ ಮಾತಿನಲ್ಲಿ ಹೌಸಿಂಗ್, ಭಾರ ಹೊರುತ್ತದೆ. ಚಕ್ರ ಬೇರಿಂಗುಗಳ ಮೂಲಕ ಆ ಕೊಳವೆಯ ಮೇಲೆ ಕೂತಿರುತ್ತದೆ. ಒಳಗಿನ ದಂಡಕ್ಕೆ ತಿರುಗಿಸುವ ಕೆಲಸವೊಂದೇ. ಗಾಡಿ ನಿಂತಿರುವಾಗಲೇ, ಜಾಕಿ ಹಾಕದೆ, ದಂಡವನ್ನು ಹೊರಗೆಳೆದು ನೋಡಬಹುದು, ಚಕ್ರ ಕದಲುವುದಿಲ್ಲ. ಆ ದಂಡದ ತುದಿಯನ್ನು ಬಿಗಿದ ಜಾಗವೇ ಹೊರಗೆ ಲೋಟದಂತೆ ಕಾಣುವ ಹಬ್ಬು.

ಹುಡುಗಿಗೆ ಇಷ್ಟಕ್ಕೇ ತೃಪ್ತಿಯಾಗಲಿಲ್ಲ. ಎಂಟು ನಟ್ಟು ಒಂದು ಟನ್ನಿನ 3800ಕ್ಕೂ ಇರುತ್ತದಲ್ಲ? ಕಂಪನಿಯ ಹಳೆಯ ಕೈಪಿಡಿಯ ಪುಟಗಳನ್ನು ಅವಳು ಹುಡುಕಿ ಓದಿಕೊಂಡಳು. ಮೂರು ಗಾಡಿಗಳಿಗೆ ಮೂರು ಅನುಪಾತ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದೇ ಈ ಅನುಪಾತ. 3100ಕ್ಕೆ 4.11, 3600ಕ್ಕೆ 4.57, 3800ಕ್ಕೆ 5.14. ಸೈಕಲ್ಲಿನ ಪೆಡಲ್ಲಿಗೂ ಹಿಂಚಕ್ರಕ್ಕೂ ಇರುವ ಸಂಬಂಧದಂತೆಯೇ ಇದು. ಅಂಕಿ ದೊಡ್ಡದಾದಷ್ಟೂ ಓಟ ಕಡಿಮೆ, ಎಳೆಯುವ ಬಲ ಹೆಚ್ಚು. ಮಲೆನಾಡಿನ ಕಾಫಿ ತೋಟಗಳಲ್ಲಿ ಓಡಾಡಿದ ವಿಲ್ಲಿಸ್ ಜೀಪುಗಳಲ್ಲಿಯೂ ಇದೇ ಗುಟ್ಟಿದೆ. ಎರಡನೆಯ ಮಹಾಯುದ್ಧದ ಸೈನ್ಯದ ಜೀಪಿನ ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರಕ್ಕೆ 39 ಹಲ್ಲು, ಚಿಕ್ಕದಕ್ಕೆ 8, ಭಾಗಿಸಿದರೆ 4.88. ಯುದ್ಧಾನಂತರ ರೈತರಿಗೆಂದು ಮಾಡಿದ ಜೀಪಿಗೆ 43 ಮತ್ತು 8, ಅಂದರೆ 5.38. ಬಣ್ಣ ಹಸಿರೇ ಇರಲಿ, ಬೂದಿಯೇ ಇರಲಿ, ಹಲ್ಲು ಎಣಿಸಿದರೆ ಯಾವ ಆಕ್ಸಲ್ ಸೈನ್ಯದ್ದು, ಯಾವುದು ಹೊಲದ್ದು ಎಂದು ತಿಳಿದುಬಿಡುತ್ತದೆ.

ಆ ಶನಿವಾರ ಮಧ್ಯಾಹ್ನ ಅಪ್ಪ ಬ್ಯಾಂಕಿನಿಂದ ಬಂದಾಗ ಷೆಡ್ಡಿನಲ್ಲಿ ಪರೀಕ್ಷೆಗೆ ಎಲ್ಲ ಸಿದ್ಧವಾಗಿತ್ತು. ಮುಂದಿನ ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಮೇಲೆತ್ತಿದ್ದರು. ಜಾಕಿಯೊಂದನ್ನೇ ನಂಬದೆ ಮೇಸ್ತ್ರಿ ಕಬ್ಬಿಣದ ಸ್ಟ್ಯಾಂಡನ್ನೂ ಕೊಟ್ಟಿದ್ದರು. ಗಾಡಿಯ ಕೆಳಗೆ ಯಾರೂ ತೂರಬಾರದೆಂದು ಕಟ್ಟುನಿಟ್ಟು ಮಾಡಿದ್ದರು. ಪಕ್ಕದಿಂದಲೇ ಕೈ ಚಾಚಿ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಾಗಿತ್ತು. ಹುಡುಗಿ ಚಕ್ರ ತಿರುಗಿಸುವುದು, ಅಪ್ಪ ಟಾರ್ಚು ಹಿಡಿದು ಗೆರೆ ಎಣಿಸುವುದು.

ಚಕ್ರ ಒಂದು ಸುತ್ತು ಬಂತು. ಗೆರೆ ಎರಡೂಕಾಲು ಸುತ್ತಿಗಿಂತ ಒಂದು ಕೂದಲು ಹೆಚ್ಚು ಬಂತು. ಮತ್ತೆ ಮಾಡಿದರು, ಅಷ್ಟೇ. ಎರಡೂಕಾಲು ಎಂಬ ಅನುಪಾತ ಕೈಪಿಡಿಯಲ್ಲಿ ಎಲ್ಲಿಯೂ ಇರಲಿಲ್ಲ. ಹುಡುಗಿ ಮುಖ ಸಣ್ಣಗೆ ಮಾಡಿಕೊಂಡಳು.

‘ಆ ಕಡೆ ಚಕ್ರ ಏನು ಮಾಡ್ತಿದೆ ನೋಡಿದೆಯಾ?’ ಎಂದರು ಮೇಸ್ತ್ರಿ.

‘ಸುಮ್ನೆ ನಿಂತಿದೆ.’

‘ಅದರ ಪಾಲನ್ನೂ ಇದೇ ತಿರುಗಬೇಕಲ್ಲಮ್ಮ.’

ಭೌತಶಾಸ್ತ್ರದ ಪುಸ್ತಕದಲ್ಲಿ ಸಿಗದ ಪಾಠ ಅಲ್ಲಿ ಸಿಕ್ಕಿತು. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಹಾಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಗೂಡೇ ಡಿಫರೆನ್ಷಿಯಲ್. ಅದು ನೋಡುವುದು ಎರಡು ಚಕ್ರಗಳ ಸರಾಸರಿಯನ್ನು. ಒಂದು ಸುತ್ತು ಮತ್ತು ಸೊನ್ನೆ ಸುತ್ತಿನ ಸರಾಸರಿ ಅರ್ಧ ಸುತ್ತು. ಅಂದರೆ ಒಂದೇ ಚಕ್ರ ತಿರುಗಿಸುವಾಗ ಅನುಪಾತದ ಅರ್ಧ ಮಾತ್ರ ಕಾಣುತ್ತದೆ. ಅಳತೆ ನಿಖರವಾಗಲೆಂದು ಹುಡುಗಿ ಇಪ್ಪತ್ತು ಸುತ್ತು ತಿರುಗಿಸಿದಳು, ಸರಾಸರಿ ಹತ್ತು. 3100 ಆಗಿದ್ದರೆ ಗೆರೆ ನಲವತ್ತೊಂದು ಸುತ್ತು ಬರಬೇಕು. 3800 ಆಗಿದ್ದರೆ ಐವತ್ತೊಂದರ ಮೇಲೆ. ಅಪ್ಪ ಗಟ್ಟಿಯಾಗಿ ಎಣಿಸುತ್ತ ಹೋದರು. ನಲವತ್ತೊಂದು ದಾಟಿತು. ಅವರ ದನಿ ಸ್ವಲ್ಪ ಇಳಿಯಿತು. ನಲವತ್ತೈದು ದಾಟಿ, ಇನ್ನೂ ಮುಕ್ಕಾಲು ಸುತ್ತಿನ ಹತ್ತಿರ ಗೆರೆ ನಿಂತಿತು. 4.57.

ಆಮೇಲೆ ಮುಂದಿನ ಮತ್ತು ಹಿಂದಿನ ಚಕ್ರಗಳ ಮಧ್ಯಬಿಂದುಗಳಿಂದ ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟು, ನೆಲದ ಮೇಲೆ ಗುರುತು ಹಾಕಿ, ಬಡಗಿಯ ಟೇಪಿನಲ್ಲಿ ಅಳೆದರು. 3100ಕ್ಕೆ ಇರಬೇಕಾದದ್ದು 116 ಅಂಗುಲ, 3800ಕ್ಕೆ 137. ಟೇಪು ಹೇಳಿದ್ದು ನೂರಿಪ್ಪತ್ತೈದೂಕಾಲು. ಅದು 3600ರ ಅಳತೆ.

‘ಇಷ್ಟೆಲ್ಲ ಲೆಕ್ಕ ಬೇಕೇ ಇರಲಿಲ್ಲ’ ಎಂದರು ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ. ‘ಆ ಕಾಲದ ಅರ್ಧ ಟನ್ನಿನ ಗಾಡಿಯಲ್ಲಿ ಈ ಶಾಫ್ಟು ಒಂದು ಕೊಳವೆಯ ಒಳಗಿರುತ್ತೆ. ಕಣ್ಣಿಗೇ ಬೀಳಲ್ಲ. ನೀನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ ನೋಡು, ಅಲ್ಲಿಗೇ ತೀರ್ಮಾನ ಆಯ್ತು.’

‘ಹಾಗಾದ್ರೆ ಮೊದಲೇ ಹೇಳಬಹುದಿತ್ತಲ್ಲ?’

‘ನಾನು ಹೇಳಿದ್ದು ನೆನಪಿರುತ್ತಾ? ನೀನೇ ಎಣಿಸಿದ್ದು ಮರೆಯಲ್ಲ.’

ಅಪ್ಪ ಟಾರ್ಚು ಆರಿಸಿ ಸುಮ್ಮನೆ ನಿಂತಿದ್ದರು. ಹವ್ಯಾಸಿಗಳು ಹೆಚ್ಚು ಬೆಲೆ ಕೊಡುವುದು ಗಿಡ್ಡನೆಯ 3100ಕ್ಕೆ. ಮುಕ್ಕಾಲು ಟನ್ನಿನದಕ್ಕೆ ಅಷ್ಟು ಗಿರಾಕಿ ಇಲ್ಲ. ಅದು ಅವರಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಅವರು ತಟ್ಟೆ ನೋಡುತ್ತಲೇ ಹೇಳಿದರು: ‘ನಾವೇನೂ ಸುಳ್ಳು ಹೇಳಿಲ್ಲ. ಬಾನೆಟ್ ಮೇಲೆ ಬರೆದಿದೆ. ಅವರು ಅದನ್ನ ನೋಡಿ ಬೆಲೆ ಹೇಳಿದ್ದಾರೆ. ಬಂದು ಪರೀಕ್ಷೆ ಮಾಡ್ಕೊಳ್ಳಲಿ.’

ಆ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಮಗಳ ಶುಲ್ಕ ಕಟ್ಟಬೇಕಾದ ತಂದೆಯ ಮಾತು ಅದು. ತನಗಾಗಿ ಅವರು ಏನನ್ನೂ ಕೇಳುತ್ತಿರಲಿಲ್ಲ. ಹುಡುಗಿಗೂ ಅದು ಗೊತ್ತಿದ್ದರಿಂದ ಬಾಯಿ ಕಟ್ಟಿದಂತಾಯಿತು. ಬರೆದದ್ದನ್ನು ಓದಿಕೊಂಡವರು ಮೋಸಹೋದರೆ ಬರೆದವರ ತಪ್ಪೇ, ಸುಮ್ಮನಿದ್ದವರ ತಪ್ಪೇ? ಅವಳು ಅನ್ನ ಕಲೆಸುತ್ತಲೇ ಕೂತಳು.

ಮಾತಾಡಿದ್ದು ತಾತ.

‘ಬರೆದಿದ್ದು ನಾನು’ ಎಂದರು.

1967. ತಾತನಿಗೆ ಆಗ ಇಪ್ಪತ್ತೊಂದು. ತುಮಕೂರಿನ ಮದುವೆಗೆ ಕೊಟ್ಟಿದ್ದ ಪಾತ್ರೆ ವಾಪಸು ತರುತ್ತಿದ್ದರು. ಎರಡು ರಾತ್ರಿ ನಿದ್ದೆಗೆಟ್ಟಿತ್ತು. ನೆಲಮಂಗಲಕ್ಕೆ ಮೊದಲು ಬೆಳಗಿನ ಜಾವ ಕಣ್ಣು ಹತ್ತಿತು. ಗಾಡಿ ಹುಣಸೆ ಮರಕ್ಕೆ ಹೊಡೆಯಿತು. ಪಕ್ಕದಲ್ಲಿದ್ದ ಆಳಿನ ಹಣೆ ಒಡೆದು ಹೊಲಿಗೆ ಬಿತ್ತು, ದೇವರು ದೊಡ್ಡವನು ಅಷ್ಟಕ್ಕೇ ಮುಗಿಯಿತು. ಬಾನೆಟ್ ನುಚ್ಚುನೂರು. ತಾತನ ತಂದೆ ಬೈಯಲಿಲ್ಲ. ಮೂರು ದಿನ ಮಾತನ್ನೇ ಆಡಲಿಲ್ಲ. ನಾಲ್ಕನೆಯ ದಿನ ಒಂದಿಷ್ಟು ದುಡ್ಡು ಕೈಗಿಟ್ಟು, ‘ಗುಜರಿಗೆ ಹೋಗಿ ಇನ್ನೊಂದು ಮೂತಿ ಹುಡುಕಿಕೊಂಡು ಬಾ’ ಎಂದರು. ಸಿಕ್ಕಿದ್ದು ಯಾವುದೋ ಅರ್ಧ ಟನ್ನಿನ ಗಾಡಿಯದು. ಎರಡಕ್ಕೂ ಬಾನೆಟ್ ಒಂದೇ ಆದ್ದರಿಂದ ಸರಿಯಾಗಿ ಕೂತಿತು. ಹಳೆಯ ಅಂಕಿ ಹೋಗಿ ಹೊಸ ಅಂಕಿ ಬಂತು. ಯಾರಾದರೂ ಕೇಳಿದರೆ ಅಪಘಾತದ ಕತೆ ಹೇಳಬೇಕಾಗುತ್ತಿತ್ತು. ಅದಕ್ಕಿಂತ ಗಾಡಿ ಮೊದಲಿನಿಂದಲೂ 3100 ಎಂದುಬಿಡುವುದು ಸುಲಭವಿತ್ತು. ಹತ್ತು ವರ್ಷ ಹೇಳಿದ ಮೇಲೆ ಅವರಿಗೂ ಅದು ನಿಜವೆಂದೇ ಅನ್ನಿಸತೊಡಗಿತ್ತು.

‘ಆ ಆಕ್ಸಲ್ ಇಲ್ಲದಿದ್ದರೆ ನಾವು ಏರುತ್ತಿದ್ದ ಭಾರಕ್ಕೆ ಗಾಡಿ ಎಂದೋ ಕೂತುಬಿಡ್ತಿತ್ತು’ ಎಂದರು ತಾತ. ‘ನಲವತ್ತು ವರ್ಷ ಮುಕ್ಕಾಲು ಟನ್ ಹೊತ್ತು, ಅರ್ಧ ಟನ್ನಿನ ಹೆಸರು ಇಟ್ಟುಕೊಂಡಿತ್ತು. ಹೋಗುವಾಗಲಾದರೂ ಅದರ ಹೆಸರಲ್ಲಿ ಹೋಗಲಿ ಕಣೋ.’

ಮಗ ಏನೂ ಹೇಳಲಿಲ್ಲ. ಎದ್ದು ಕೈ ತೊಳೆದರು. ಮರುದಿನ ಬೆಳಗ್ಗೆ ಹವ್ಯಾಸಿಗೆ ಫೋನ್ ಮಾಡಿದವರು ಅವರೇ. ಎಂಟು ನಟ್ಟು, 4.57, 125.25 ಅಂಗುಲ ಎಂದು ಮಗಳು ಬರೆದುಕೊಟ್ಟ ಚೀಟಿ ನೋಡಿಕೊಂಡು ಓದಿದರು. ಆ ಕಡೆಯವರು ಸ್ವಲ್ಪ ಹೊತ್ತು ಮೌನವಾಗಿದ್ದು, ಯೋಚಿಸಿ ಹೇಳುತ್ತೇನೆ ಎಂದರು. ಐದು ದಿನ ಸುದ್ದಿಯೇ ಇಲ್ಲ. ಆ ಐದು ದಿನ ಮನೆಯಲ್ಲಿ ಯಾರೂ ಷೆಡ್ಡಿನ ಕಡೆ ಹೋಗಲಿಲ್ಲ.

ಕೊನೆಗೆ ಅವರು ಬಂದರು. ಅಷ್ಟೂ ಅಳತೆಗಳನ್ನು ತಾವೇ ಮತ್ತೆ ತೆಗೆದರು. ಆರೂವರೆ ಲಕ್ಷ ಎಂದರು, ಅದಕ್ಕಿಂತ ಮೇಲೇರಲಿಲ್ಲ. ಒಂದೂವರೆ ಲಕ್ಷ ಕಡಿಮೆಯಾದದ್ದು ಕಡಿಮೆಯೇ. ಅದಕ್ಕೆ ಪ್ರತಿಫಲವಾಗಿ ಎಲ್ಲಿಂದಲೋ ಹಣ ಬಂದು ಬೀಳಲಿಲ್ಲ. ಉಳಿದದ್ದಕ್ಕೆ ಅಪ್ಪ ಶಿಕ್ಷಣ ಸಾಲ ತೆಗೆದರು. ಆ ಕಂತು ಇನ್ನೂ ಕೆಲವು ವರ್ಷ ಅವರ ಸಂಬಳದಲ್ಲಿ ಕಳೆಯುತ್ತದೆ. ಹುಡುಗಿ ಮೆಕ್ಯಾನಿಕಲ್ ವಿಭಾಗ ಸೇರಿದಳು. ಬೆಳಗ್ಗೆ ಮೆಟ್ರೋ ಹತ್ತಲು ಸಂಪಿಗೆ ರಸ್ತೆಯ ತುದಿಯ ನಿಲ್ದಾಣದವರೆಗೆ ನಡೆಯುವಾಗ, ನಿಂತ ಲಾರಿಯ ಹಿಂದೆ ಬಗ್ಗಿ ನೋಡುವ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಪಿಕಪ್ಪನ್ನು ದೊಡ್ಡ ಲಾರಿಯ ಮೇಲೆ ಏರಿಸುವ ಮುನ್ನ ಕೊಂಡವರು ಸ್ಪ್ಯಾನರ್ ತೆಗೆದು ಬಾನೆಟ್ಟಿನ ಎರಡೂ ಪಕ್ಕದ ಅಂಕಿಗಳನ್ನು ಬಿಚ್ಚಿದರು. ‘ಇದು ಈ ಗಾಡಿಯದಲ್ಲ, ನನಗೆ ಬೇಡ’ ಎಂದು ತಾತನ ಕೈಗಿಟ್ಟರು. ಒಂದು ಎಲ್ಲಿ ಹೋಯಿತೋ ತಿಳಿಯದು. ಇನ್ನೊಂದು ಹಜಾರದ ಮೇಜಿನ ಮೇಲಿದೆ. ಫ್ಯಾನ್ ಗಾಳಿಗೆ ಕರೆಂಟ್ ಬಿಲ್ಲು, ಸಾಲದ ಕಂತಿನ ರಸೀದಿ ಹಾರಿಹೋಗದಂತೆ ಅಜ್ಜಿ ಅದನ್ನು ಮೇಲಿಟ್ಟಿದ್ದಾರೆ. ಅಷ್ಟು ಭಾರವನ್ನು ಅದು ಚೆನ್ನಾಗಿಯೇ ತಡೆಯುತ್ತಿದೆ.